ತಾರಾಬಾಯಾರ ಚಂಪಿ ಬೆಳಗಾವಿಗೆ ಹೋದದ್ದು

ನಾಯಿಗೆ ಗಾಡಿ ಆಗಿ ಬರೂದಿಲ್ಲ ಅಂತ ಯಾರರೆ ಹೇಳಿದ್ರ ಮೊದಲ ನಾನು ನಕ್ಕಬಿಡತಿದ್ದೆ. ಈಗ ನಗೂದಿಲ್ರಿ. ಮೂರು ವಾರದಾಗ ಆರು ಸಲ ಸೀಟು ತೊಳದೇನಿ, ಹೋಗಾಗ ಒಮ್ಮೆ, ಬರಾಗ ಒಮ್ಮೆ. ಅದರ ವಾಸನಿ ಇನ್ನೂ ಮೂಗಿನಾಗ ಕುಂತೈತಿ.

ನಾನು ಬೀರಣ್ಣ. ಖಾನಾಪುರದಾಗ ಹಳೇ ವ್ಯಾನ್ ಇಟಗೊಂಡು ಬಾಡಿಗಿ ಹೊಡೀತೇನಿ. ನಮ್ಮಪ್ಪ ಕುರಿ ಕಾಯಾಂವ. ನಮ್ಮ ಮನ್ಯಾಗ ನಾಯಿ ಅಂದ್ರ ಕುರಿ ಹಿಂದ ನಡಕೋತ ಹೋಗೂದು. ದೇವರು ನಾಕು ಕಾಲು ಕೊಟ್ಟ ಮ್ಯಾಲ ಅದಕ್ಕ ಸೀಟು ಯಾಕ ಬೇಕು ಅನ್ನಾವ ನಾನು. ಇರಲಿ, ಇದು ನನ್ನ ಕಥಿ ಅಲ್ಲ, ತಾರಾಬಾಯಾರದು.

ತಾರಾಬಾಯಾರು ಜೈನರು, ನಮ್ಮ ಪ್ಯಾಟ್ಯಾಗ ಅವರದು ಕಿರಾಣಿ ಅಂಗಡಿ. ವಯಸ್ಸು ಅರವತ್ತರ ಹತ್ತಿರ, ಬಾಯಿ ಮಾತ್ರ ಇಪ್ಪತ್ತರದು. ಗಿರಾಕಿ ಮರಾಠಿಯೊಳಗ ಕೇಳಿದ್ರ ಮರಾಠಿ, ಕನ್ನಡದಾಗ ಕೇಳಿದ್ರ ಕನ್ನಡ, ಬೈಯೂದು ಎರಡೂ ಕೂಡಿಸಿ. ಆದ್ರ ಸುಳ್ಳು ಅಂದ್ರ ಆ ಬಾಯಾಗ ಬರೂದಿಲ್ಲ. "ಈ ಸಲ ಬ್ಯಾಳಿ ಚಲೋ ಬಂದಿಲ್ಲವಾ, ಬಾಜೂ ಅಂಗಡ್ಯಾಗ ತಗೋ" ಅಂತ ಗಿರಾಕೀನ ತಾವ ಹೊಳ್ಳಿ ಕಳಸಾವರು. ಹೊತ್ತು ಮುಳಗೂದ್ರಾಗ ಅವರ ಊಟ ಮುಗೀಬೇಕು, ಅವರ ಕೂಡ ಚಂಪೀದೂ ಮುಗೀಬೇಕು. ಚಂಪಿ ಅಂದ್ರ ಅವರ ನಾಯಿ. ಕೆಂಚು ಬಣ್ಣ, ಒಂದು ಕಿವಿ ನಿಂತಿರತೈತಿ, ಒಂದು ಬಿದ್ದಿರತೈತಿ.

ಆರು ವರ್ಷದ ಹಿಂದ ಅವರ ಯಜಮಾನ್ರು, ಅಜಿತಕುಮಾರ ಅಂತ, ಸ್ಕೂಟರ್ ಮ್ಯಾಲ ಬೆಳಗಾವಿಗೆ ಹೊಂಟಾವರು ದೇಸೂರ ದಾಟಿದ ಮ್ಯಾಲ ಒಂದು ತಿರುವಿನಾಗ ಲಾರಿಗೆ ಸಿಕ್ಕು ತೀರಿಕೊಂಡ್ರು. ಅವತ್ತಿನಿಂದ ತಾರಾಬಾಯಾರು ಖಾನಾಪುರ ದಾಟಿದ್ದಿಲ್ಲ. ದಾಟೂದು ಒತ್ತಟ್ಟಿಗಿರಲಿ, ಒಂದು ಗಾಡಿ ಹತ್ತಿದ್ದಿಲ್ಲ. ಅಂಗಡಿ ಮಾಲು ಬೆಳಗಾವಿ ರವಿವಾರ ಪೇಟೆಯಿಂದ ನಾನ ತರಬೇಕು, ಅವರು ಇಲ್ಲಿಂದ ಫೋನಿನಾಗ ನಡಸತಾರ.

"ಬೀರಣ್ಣ, ಆ ಧನಿಯಾ ಮೂಸು. ಹೆಂಗೈತಿ?"

"ಧನಿಯಾ ಹಂಗ ಐತ್ರಿ ಬಾಯಾರ."

"ಅಯ್ಯ ನಿನ್ನ! ಹಸೀ ವಾಸನಿ ಐತೇನ, ಮುಗ್ಗಲು ವಾಸನಿ ಐತೇನ, ಅದನ್ನ ಹೇಳೋ!"

ಪ್ಯಾಟಿ ನಡಬರಕ ನಿಂತು ನಾನು ಚೀಲಕ್ಕ ಮೂಗು ಹಚ್ಚೂದು, ಹಮಾಲರು ಹಲ್ಲು ಕಿಸಿಯೂದು. ಆರು ವರ್ಷ ಹಿಂಗ ನಡದೈತಿ.

ಹಿಂಗಿದ್ದಾಗ ಚಂಪಿಗೆ ಬಾಲದ ಬುಡಕ ಒಂದು ಗಡ್ಡಿ ಎದ್ದು ರಕ್ತ ಸೋರಾಕ ಹತ್ತಿತು. ಬೆಳಗಾವಿ ಮಹಾಂತೇಶ ನಗರದಾಗ ನಾಗಲಿಂಗ ಅಂತ ಪ್ರಾಣಿ ಡಾಕ್ಟರ್ ಅದಾರ. ನಾನ ಒಯ್ದು ತೋರಸಿದೆ. ಅವರು ನೋಡಿ, "ಹೆದರಬ್ಯಾಡ್ರಿ, ಇದು ಕರಗೂ ಗಡ್ಡಿ. ವಾರಕ್ಕೊಂದರಂಗ ಆರು ಸೂಜಿ. ಆದ್ರ ನಡುವ ಬಿಟ್ರ ತಿರುಗಿ ಬೆಳೀತೈತಿ, ಆಮ್ಯಾಗ ನನ್ನ ಕೈಯಾಗೂ ಇರೂದಿಲ್ಲ" ಅಂದ್ರು. ನಾನು ಹೊಳ್ಳಿ ಬಂದು ಇದ್ದದ್ದು ಇದ್ದಂಗ ಹೇಳಿದೆ. ತಾರಾಬಾಯಾರು ತಕ್ಕಡಿ ಕೆಳಗಿಟ್ರು. "ಬೀರಣ್ಣ, ನನಗ ಇದ ಒಂದು ಉಳದೈತಿ. ಆರೂ ಸೂಜಿ ಆಗಬೇಕು" ಅಂದ್ರು. ಅಷ್ಟ. ಬೈಲಿಲ್ಲ ಅಂದ್ರ ಎಷ್ಟು ಹೆದರಿದ್ರು ನೋಡ್ರಿ.

ಅವರು ಬರೂದಿಲ್ಲ, ನಾಯಿ ಹೋಗಬೇಕು. ಅಂದ್ರ ನಾನು, ಚಂಪಿ ಇಬ್ಬರ. ಗಾಡಿ ಖಾನಾಪುರ ದಾಟೂದ ತಡ ಅದರ ಬಾಯಾಗ ಜೊಲ್ಲು, ಮೈಯೆಲ್ಲಾ ನಡುಕ, ಆಮ್ಯಾಗ ಪ್ರಭುನಗರ ಬರೂದ್ರಾಗ ಭೊಕ್ ಅಂತ ಸೀಟಿನ ಮ್ಯಾಲ. ಡಾಕ್ಟರಿಗೆ ಕೇಳಿದ್ರ, "ಹೊಂಡೂಕಿಂತ ನಾಕೈದು ತಾಸು ಮೊದಲ ಏನೂ ತಿನಸಬ್ಯಾಡ್ರಿ. ಕಿಟಕಿ ಎರಡು ಬೊಟ್ಟು ತಗೀರಿ. ಮಾರಿ ಮುಂದಕ್ಕ ಮಾಡಿ ಕುಂದರಸ್ರಿ" ಅಂದ್ರು. ಎಲ್ಲಾ ಮಾಡಿದೆ. ಎರಡನೇ ವಾರನೂ ಭೊಕ್. ಗಾಡಿ ಸಾವಕಾಶ ಹೊಡದೆ, ಸೈಕಲ್‌ನಾಂವ ನನ್ನ ದಾಟಿ ಹೋಗಿ ಹೊಳ್ಳಿ ನೋಡಿ ನಕ್ಕ. ಮತ್ತ ಭೊಕ್.

ನನ್ನ ತಲಿ ಕೆಟ್ಟದ್ದು ಎಲ್ಲಿ ಅಂದ್ರ, ಆ ವಾಂತಿ ಬೆಳ್ಳಗ. ಖಾಲಿ ಹೊಟ್ಟಿಯಿಂದ ಬೆಳ್ಳಂದು ಹೆಂಗ ಬರತೈತ್ರಿ? "ಬಾಯಾರ, ಏನರೆ ತಿನಸಿದ್ರೇನ?" ಅಂತ ಕೇಳಿದೆ. "ಒಂದು ತುತ್ತು ಹಾಕಿಲ್ಲೋ, ಆಣಿ" ಅಂದ್ರು. ಅವರು ಸುಳ್ಳು ಹೇಳಾಂಗಿಲ್ಲ. ನಾಯಿ ವಾಂತಿ ಸುಳ್ಳು ಹೇಳಾಂಗಿಲ್ಲ. ಇಬ್ಬರೊಳಗ ಯಾರನ್ನ ನಂಬಲಿ? ರಾತ್ರಿ ಊಟಕ್ಕ ಕುಂತ್ರೂ ಅದ ಚಿಂತಿ. ಹೆಂಡತಿ ಬಾಳವ್ವ, "ನಾಯಿ ಸುದ್ದಿ ಬಿಟ್ಟು ಅನ್ನ ಉಣ್ಣರಿ" ಅಂತ ಗದರಿಸಿದ್ಲು.

ನಾಕನೇ ವಾರ ನಾನು ಅರ್ಧ ತಾಸು ಮೊದಲ ಹ್ವಾದೆ. ಬಾಗಲಾ ತೆರದಿತ್ತು. ಒಳಗ ತಾರಾಬಾಯಾರು ಚಂಪಿ ಮುಂದ ಕುಂತು, ಬೆಳ್ಳಿ ಬಟ್ಟಲದಾಗ ಮೊಸರು, ಮ್ಯಾಲ ಸಕ್ಕರಿ, ಚಮಚದಿಂದ ಒಂದೊಂದ ತಿನಸಾಕ ಹತ್ಯಾರ! ನನ್ನ ಸಿಟ್ಟು ನೆತ್ತಿಗೇರಿತು.

"ಬಾಯಾರ! ತುತ್ತು ಹಾಕಿಲ್ಲ ಅಂತ ಆಣಿ ಮಾಡಿದ್ರಿ! ನಾನು ಮೂರು ವಾರ ಸೀಟು ತೊಳದು ಸಾಯಾಕ ಹತ್ತೇನಿ!"

ಅವರು ನನ್ನ ಮಾರಿ ನೋಡಿದ್ರು, ನಾನ ಹುಚ್ಚ ಅನ್ನಾಂಗ. "ಇದು ಊಟ ಏನೋ? ಇದು ಶಕುನ. ಮನಿ ಬಿಟ್ಟು ಊರಿಗೆ ಹೊಂಟಾವರಿಗೆ ಮೊಸರು ಸಕ್ಕರಿ ಕೊಡದ ಹೆಂಗ ಕಳಸಲಿ?"

"ನಾಯಿಗೆ ಎಂಥಾ ಶಕುನರಿ!"

"ಅವರಿಗೆ ಕೊಟ್ಟಿದ್ದಿಲ್ಲ" ಅಂದ್ರು ತಾರಾಬಾಯಾರು. ಕೈಯಾಗ ಚಮಚ ಹಂಗ ಇತ್ತು. "ಅವತ್ತು ಗಡಿಬಿಡಿ ಇತ್ತು. 'ಇರ್ರಿ, ತರತೇನಿ' ಅಂತ ಒಳಗ ಹ್ವಾದೆ. ಹೊರಗ ಬರೂದ್ರಾಗ ಸ್ಕೂಟರ್ ಹೋಗಿತ್ತು."

ಮೊಸರಿನಿಂದ ಲಾರಿ ನಿಲ್ಲತೈತೇನ್ರಿ? ಇಲ್ಲ, ಅದು ನನಗೂ ಗೊತ್ತು, ಅವರಿಗೂ ಗೊತ್ತು. ಗೊತ್ತಿದ್ರ ಏನಾತು? ಕಡೀಕ ನಾನು, "ಬಾಯಾರ, ಅದರ ಹೊಟ್ಟ್ಯಾಗ ಮೊಸರು ನಿಂದರೂದಿಲ್ಲ. ನೀವು ಕೊಡೂ ಶಕುನನ ಅದಕ್ಕ ತ್ರಾಸ ಆಗೈತಿ" ಅಂದೆ. ಮಾತು ಹೊರಬಿದ್ದ ಮ್ಯಾಲ ನನಗ ನನ್ನ ಬಾಯಿ ಬಡಕೊಳ್ಳಬೇಕು ಅನಸಿತು. ಅವರು ಬಟ್ಟಲಾ ಸರಿಸಿದ್ರು, ಎದ್ದು ಒಳಗ ಹೋದ್ರು. ಅವತ್ತಿನ ಸೂಜಿ ಮರುದಿನಕ್ಕ ದೂಡಿದಿವಿ.

ಮರುದಿನ ಮೊಸರಿಲ್ಲ. ದಾರಿ ತುಂಬ ವಾಂತಿ ಇಲ್ಲ. ಗೆದ್ದೆ ಅಂತ ಮೀಸಿ ತಿರುವಿದೆ. ಆದ್ರ ನಡುಕ ಮಾತ್ರ ಹಂಗ, ಜೊಲ್ಲು ಹಂಗ. ದವಾಖಾನಿ ಮುಂದ ಬಾಗಲಾ ತಗದೆ ನೋಡ್ರಿ, ಚಂಪಿ ನನ್ನ ಕಾಲಾಗಿಂದ ತೂರಿ ರಸ್ತಾಕ್ಕ ಬಿತ್ತು! ಮಹಾಂತೇಶ ನಗರದ ಓಣಿ ಓಣಿ ತಿರಗಿದೆ. ಅದಕ್ಕ ಏನರೆ ಆದ್ರ ಆ ತಾಯಿಗೆ ಯಾವ ಮಾರಿ ತೋರಸಲಿ? ಕಡೀಕ ಒಂದು ನಿಂತ ಟ್ರ್ಯಾಕ್ಟರ್ ಬುಡಕ ಸಿಕ್ಕಿತು, ಹೆದರಿ ನನ್ನ ಕೈ ಕಡೀತು. ಡಾಕ್ಟರು, "ಇವತ್ತು ಇದಕ್ಕ ಸೂಜಿ ಮಾಡಾಕ ಆಗೂದಿಲ್ಲ, ಬಾಳ ಗಾಬರಿ ಆಗೈತಿ" ಅಂದ್ರು. ಅದರ ಸೂಜಿ ತಪ್ಪಿತು. ನನಗೊಂದು ಮಾಡಿದ್ರು, ಬ್ಯಾರೆ ದವಾಖಾನ್ಯಾಗ.

"ಗಾಡಿ ಅಂದ್ರ ಸೂಜಿ ಅಂತ ಅದು ತಿಳಕೊಂಡೈತಿ," ಅಂದ್ರು ನಾಗಲಿಂಗ ಡಾಕ್ಟರು. "ಗಾಡಿ ಮನಿ ಮುಂದ ಸುಮ್ಮನ ನಿಲ್ಲಸ್ರಿ. ಎಂಜಿನ್ ಹಚ್ಚಬ್ಯಾಡ್ರಿ. ಅದು ಯಾರನ್ನ ನಂಬೇತಿ ಅವರು ಒಳಗ ಕುಂದರಲಿ. ಆಮ್ಯಾಗ ಎಂಜಿನ್ ಹಚ್ಚಿ ಬಂದ್ ಮಾಡ್ರಿ. ಆಮ್ಯಾಗ ನಾಕು ಮಾರು ಹೋಗಿ ಹೊಳ್ಳಿ ಬರ್ರಿ. ಒಂದು ವಾರದಾಗ ಹೆಂಗರೆ ಮಾಡಿ ತರ್ರಿ. ಅದಕ್ಕಿಂತ ತಡ ಆದ್ರ ನಾನು ಮಾತು ಕೊಡಾಂಗಿಲ್ಲ."

ಯಾರನ್ನ ನಂಬೇತಿ ಅವರು. ನಾನು ಹಿಂಗಂದಾಗ ತಾರಾಬಾಯಾರ ಮಾರಿ ಇಳೀತು. ಗಾಡಿ ಕಡೆ ನೋಡಿದ್ರು, ಚಂಪಿ ಕಡೆ ನೋಡಿದ್ರು. "ಎಂಜಿನ್ ಹಚ್ಚಾಂಗಿಲ್ಲ ಹೌದಿಲ್ಲೋ?" ಅಂತ ಮೂರು ಸಲ ಕೇಳಿದ್ರು. ಚಾವಿ ತಂದು ಅವರ ಕೈಯಾಗ ಕೊಟ್ಟೆ. ಸೆರಗಿಗೆ ಗಂಟು ಹಾಕಿಕೊಂಡ್ರು. ಆಮ್ಯಾಗ ಒಂದು ಮೊರ ಅಕ್ಕಿ ತಗೊಂಡು ಗಾಡಿ ಹತ್ತಿ ಕುಂತು ಹರಳು ಆರಿಸಾಕ ಹತ್ತಿದ್ರು. ಚಂಪಿ ಕೆಳಗ ನಿಂತು ಕುಂಯ್ ಕುಂಯ್ ಅಂತು, ಅಡ್ಡಾಡಿತು, ಒಂದು ತಾಸಿನ ಮ್ಯಾಲ ತಾನ ಹಾರಿ ಹತ್ತಿ ಅವರ ಬಾಜೂಕ ಕುಂತಿತು.

ಮೂರು ದಿನ ಅಂಗಡಿ ನನ್ನ ಗಾಡ್ಯಾಗ ನಡೀತ್ರಿ. ಗಿರಾಕಿ ಗಾಡಿ ಕಿಟಕಿಗೆ ಬಂದು ಸಕ್ಕರಿ ಕೇಳಾವ್ರು. "ಬೀರಣ್ಣ, ಗಾಡಿ ಮಾರಿದೇನೋ?" ಅಂತ ಓಣ್ಯಾಗ ಕಾಡಿದ್ದ ಕಾಡಿದ್ದು. ಎರಡನೇ ದಿನ ಬಾಯಾರ ಚಾವಿ ಕೊಟ್ರು, ಎಂಜಿನ್ ಹಚ್ಚಿದೆ. ಚಂಪಿ ನಡಗಿತು. ಹಿಂದಕ ನೋಡಿದ್ರ ತಾರಾಬಾಯಾರ ಕೈಯಾಗಿನ ಮೊರನೂ ನಡಗಾಕ ಹತ್ತಿತ್ತು, ಅಕ್ಕಿ ಚೆಲ್ಲಾಕ ಹತ್ತಿತ್ತು. ಅವರು ನಡಗತಾರಂತ ಅದು ನಡಗತೈತೋ, ಅದು ನಡಗತೈತಂತ ಅವರು ನಡಗತಾರೋ, ನನಗ ತಿಳೀಲಿಲ್ಲ. ಬಾಗಲದಾಗ ನಿಂತು ಅದನ್ನ ಕಳಸೂ ಮುಂದ ಅವರು ಪ್ರತಿ ಸಲ ಹಿಂಗ ನಡಗತಿದ್ರೇನೋ? ನಾನು ಸ್ಟೇರಿಂಗ್ ಹಿಂದ ಕುಂತಾವ, ಎಂದೂ ಹೊಳ್ಳಿ ನೋಡಿದ್ದಿಲ್ಲ. ನಾನು ಈಗ ಯಾರಿಗೆ ಗಾಡಿ ರೂಢಿ ಮಾಡಸಾಕ ಹತ್ತೇನಿ ಅನ್ನೂದ ಗೊತ್ತಾಗದಂಗ ಆತು.

ಮೂರನೇ ದಿನ ಸ್ಟೇಶನ್ ತನಕ ಹೋಗಿ ಬಂದಿವಿ. ನಾಕನೇ ದಿನ ಮಲಪ್ರಭಾ ಹೊಳಿ ದಂಡಿಗೆ. ಅಲ್ಲಿ ಚಂಪಿ ಇಳಿದು ನೀರಾಗ ಕಾಲಿಟ್ಟು ಬಾಲಾ ಅಳ್ಳಾಡಿಸಿತು. ತಾರಾಬಾಯಾರು ಇಳೀಲಿಲ್ಲ, ಆದ್ರ ನಕ್ಕರು.

ಐದನೇ ದಿನ ಖರೇ ಬೆಳಗಾವಿಗೆ. ಮುಂಜಾನಿಂದ ಚಂಪಿಗೆ ಏನೂ ಇಲ್ಲ, ಬಾಯಾರ ತಾವೂ ನೀರ ಕುಡದಿದ್ದಿಲ್ಲ. ಬಾಗಲದಾಗ ನಿಂತು ಒಮ್ಮೆ ಅಡಗಿಮನಿ ಕಡೆ ಹೊಳ್ಳಿ ನೋಡಿದ್ರು. "ನಡಿ," ಅಂದ್ರು, ಬಂದು ಕುಂತ್ರು.

ಹಾದಿ ತುಂಬ ಅವರ ಬಾಯಿ ನಿಂದರಲಿಲ್ಲ. ಚಂಪಿ ಮಾರಿ ಎರಡೂ ಕೈಯಾಗ ಹಿಡದು, "ಮುಂದ ನೋಡ ನನ್ನವ್ವ, ಕೆಳಗ ನೋಡಬ್ಯಾಡ, ಗಾಳಿ ತಗೋ. ಬೀರಣ್ಣ, ಕಿಟಕಿ ಇನ್ನೊಂದು ಬೊಟ್ಟು ಇಳಸೋ. ಬ್ರೇಕ್ ಹಿಂಗೇನೋ ಹಾಕೂದು? ನೀ ಕುರಿ ತುಂಬಿಕೊಂಡು ಹೊಂಟಿಯೇನ?" ನನಗೂ ಒಂದು ಸಮಾಧಾನ, ಬೈತಾರ ಅಂದ್ರ ಜೀವದಿಂದ ಅದಾರ. ಚಂಪಿ ಜೊಲ್ಲು ಸುರಿಸಿತು, ಅವರು ಸೆರಗಿಲೆ ಒರಸಿದ್ರು. ಎರಡು ಸಲ ಓಕರಿಸಿತು. ಅವರು ಬೆನ್ನು ಸವರಿದ್ರು, ಹಾಂ, ಹಾಂ, ಆತು, ಆತು ಅಂದ್ರು. ಆತು. ವಾಂತಿ ಆಗಲಿಲ್ಲ.

ಪೀರನವಾಡಿ ಹತ್ತಿರ ಬಂದಾಗ ಚಂಪಿ ಅವರ ತೊಡಿ ಮ್ಯಾಲ ತಲಿ ಇಟ್ಟು ಕಣ್ಣು ಮುಚ್ಚಿತು. ತಾರಾಬಾಯಾರು ಮೊದಲ ಸಲ ಕಿಟಕಿಯಿಂದ ಹೊರಗ ನೋಡಿದ್ರು, ದೊಡ್ಡ ದೊಡ್ಡ ಕಟ್ಟಡ ನೋಡಿದ್ರು.

"ಬೀರಣ್ಣ," ಅಂದ್ರು, ದನಿ ಬ್ಯಾರೇನ ಇತ್ತು. "ಆ ತಿರುವು ಇನ್ನೂ ಎಷ್ಟು ದೂರ ಐತಿ? ಬರೂಕಿಂತ ಮೊದಲ ಹೇಳು. ನಾನು ಕಣ್ಣು ಮುಚ್ಚಿಕೊಳ್ಳತೇನಿ."

ಕನ್ನಡ್ಯಾಗ ಅವರ ಮಾರಿ ನೋಡಿದೆ.

"ಬಾಯಾರ, ಅದು ಹಿಂದ ಹೋತ್ರಿ. ನೀವು ಚಂಪಿ ಬಾಯಿ ಒರಸಾಕ ಹತ್ತಿದ್ರಿ ನೋಡ್ರಿ, ಆವಾಗ ದಾಟಿದಿವಿ."