ಎಣ್ಣೆಬಾವಿ ಕಾಕಾ ಮತ್ತು ಏಳನೆಯ ಅರ್ಜಿ

ಹೋದ ತಿಂಗಳು ಬಾಗಲಕೋಟೆಯ ನಮ್ಮ ಮನೆಯ ಪಕ್ಕದ ಖಾಲಿ ಜಾಗಕ್ಕೆ ಬೋರ್‌ವೆಲ್ ಲಾರಿ ಬಂದಿತ್ತು. ಡೀಸೆಲ್ ಹೊಗೆ, ಅದರ ಜೊತೆ ಹಸಿ ಕಲ್ಲುಪುಡಿಯ ವಾಸನೆ ಅಡುಗೆಮನೆಯವರೆಗೂ ನುಗ್ಗಿತು. ಕಿಟಕಿ ಮುಚ್ಚಲು ಹೋದವಳು ಅಲ್ಲೇ ನಿಂತುಬಿಟ್ಟೆ. ಇಳಕಲ್ಲಿನ ನಮ್ಮ ಓಣಿಯ ಎದುರುಮನೆ ಕಾಕಾ ನೆನಪಾದರು. ಅವರ ಅಂಗಿಗೆ ಇದೇ ವಾಸನೆ ಇರುತ್ತಿತ್ತು, ಎಷ್ಟು ಒಗೆದರೂ…

ಕಾಕಾ ನೇಕಾರರ ಮನೆಯವರು. ಮಗ್ಗದ ಮುಂದೆ ಕೂರಲಾರದೆ ಹರೆಯದಲ್ಲೇ ಕಲ್ಲಿನ ಕ್ವಾರಿಗೆ ಹೋಗಿ, ಬಂಡೆಗೆ ತೂತು ಕೊರೆಯುವ ಯಂತ್ರ ಹಿಡಿದವರು. ಅಲ್ಲಿಂದ ಯಾರದೋ ಬೆನ್ನು ಹತ್ತಿ ಗುಜರಾತಿನ ಎಣ್ಣೆಬಾವಿಗಳಿಗೆ ಹೋದರು, ಅಲ್ಲಿಂದ ಮುಂಬಯಿ ಸಮುದ್ರದ ನಡುವೆ ನಿಂತ, ಎಣ್ಣೆಬಾವಿ ಕೊರೆಯುವ ರಿಗ್ಗಿಗೆ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅವರ ಎಡಗೈಯ ಎರಡು ಬೆರಳು ಪೈಪುಗಳ ನಡುವೆ ಸಿಕ್ಕು ಹೋದವು. ಗಾಯ ಮಾಯುವವರೆಗೆ ರಜೆ ಕೊಟ್ಟು ಕಳಿಸಿದರು. ಬರುವಾಗ ಒಂದು ಕಟ್ಟು ಅರ್ಜಿ ನಮೂನೆ ತಂದಿದ್ದರು. ಕಂಪನಿ ಹೊಸ ಹುಡುಗರನ್ನು ತೆಗೆದುಕೊಳ್ಳುತ್ತಿತ್ತು. ರಿಗ್ಗಿನಲ್ಲಿ ಪಂಜಾಬಿನವರು, ಕೇರಳದವರು ಎಲ್ಲ ಇದ್ದಾರೆ, ನಮ್ಮ ಕಡೆಯವರು ಯಾಕಿಲ್ಲ ಎಂಬುದು ಅವರ ಕೊರಗು.

ಆ ಬೇಸಿಗೆಯೆಲ್ಲ ಅವರು ತಿರುಗಿದ್ದೇ ತಿರುಗಿದ್ದು. ಕ್ವಾರಿಯ ಹುಡುಗರ ಹತ್ತಿರ ಹೋದರು, ಬಸ್ಸು ಹಿಡಿದು ಹುನಗುಂದ, ಕಮತಗಿಗೆ ಹೋದರು, ಅಮೀನಗಡದ ಚಹಾದಂಗಡಿಗಳಲ್ಲಿ ಕೂತರು. ಹೆಲಿಕಾಪ್ಟರಿನ ಮುಂದೆ ತಾವು ನಿಂತ ಫೋಟೋ ಜೇಬಿನಲ್ಲೇ ಇರುತ್ತಿತ್ತು. ಹುಡುಗರು ಫೋಟೋ ನೋಡುತ್ತಿದ್ದರು, ಅವರ ತಾಯಂದಿರು ಕೈ ನೋಡುತ್ತಿದ್ದರು. ಕೊನೆಕೊನೆಗೆ ಅವರು ಎಡಗೈಗೆ ಹೆಗಲ ಮೇಲಿನ ವಲ್ಲಿ ಸುತ್ತಿಕೊಂಡೇ ಮಾತಿಗೆ ಕೂರತೊಡಗಿದರು. ಆದರೂ ಬೇಗ ಯಾರೂ ಹೂಂ ಅನ್ನಲಿಲ್ಲ. ಒಬ್ಬ ಪದವೀಧರ, ಎರಡು ವರ್ಷದಿಂದ ಬ್ಯಾಂಕಿನ ಆರ್ಡರಿಗೆ ಕಾಯುತ್ತಿದ್ದವನು, ಎಲ್ಲ ಕೇಳಿಸಿಕೊಂಡು ಕೊನೆಗೆ, "ಬಾಗಲಕೋಟಿಗೆ ಟ್ರಾನ್ಸ್‌ಫರ್ ಸಿಗತೈತೇನ್ರಿ?" ಎಂದನಂತೆ.

"ಬಾಗಲಕೋಟಿಗೆ ಸಮುದ್ರ ಎಲ್ಲಿಂದ ತರ್ಲಿ ಹೇಳ್ರಿ ಮಾಸ್ತರ," ಎಂದು ಕಾಕಾ ಅಂದು ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ಅಪ್ಪನ ಮುಂದೆ ಹಲ್ಲು ಕಡಿದರು.

ಅದೇ ಸಂಜೆ ಅವರು ಇನ್ನೊಂದು ಕೆಲಸದ ಸುದ್ದಿ ಎತ್ತಿದರು. ಬಾವಿ ಕೊರೆಯುವಾಗ ಪೈಪಿನೊಳಗೆ ಒಂದು ಕೆಸರು ಬಿಡುತ್ತಾರೆ; ಅದರ ತೂಕ, ದಪ್ಪ, ಉಪ್ಪು ಗಳಿಗೆಗೊಮ್ಮೆ ಪರೀಕ್ಷೆ ಮಾಡುತ್ತಿರಬೇಕು. ಕೆಸರು ತೆಳುವಾದರೆ ಕೆಳಗಿನ ಗ್ಯಾಸು ಒಮ್ಮೆಲೇ ಮೇಲೆದ್ದು ಮೇಲಿದ್ದವರ ಜೀವಕ್ಕೇ ಕುತ್ತು ಬರುತ್ತದೆ. ಅದಕ್ಕೆ ಕೆಮಿಸ್ಟ್ರಿ ಓದಿದವರು ಬೇಕು, ಈ ಸೀಮೆಯಲ್ಲಿ ಒಬ್ಬರೂ ಸಿಗುತ್ತಿಲ್ಲ ಎಂದರು. ನಾನು ಅಲ್ಲೇ ಮೊರದಲ್ಲಿ ಶೇಂಗಾ ಹಸನು ಮಾಡುತ್ತ ಕೂತಿದ್ದೆ. ಬಾಗಲಕೋಟೆಯಲ್ಲಿದ್ದು ಕೆಮಿಸ್ಟ್ರಿಯಲ್ಲೇ ಬಿ.ಎಸ್ಸಿ. ಮುಗಿಸಿ ಬಂದು ವರ್ಷವಾಗಿತ್ತು.

"ನಾ ಓದಿದ್ದೂ ಅದನ್ನರಿ, ಕಾಕಾ," ಎಂದೆ.

ಕಾಕಾ ನಕ್ಕರು. ಅಪ್ಪನೂ ನಕ್ಕ. ನಾನು ನಗಲಿಲ್ಲ.

ಮರುದಿನ ಅವರ ಮನೆಗೆ ಹೋಗಿ ನಮೂನೆ ಕೇಳಿದೆ. ಎರಡು ದಿನ ಹಾರಿಕೆಯ ಉತ್ತರ ಕೊಟ್ಟರು, ಮೂರನೆಯ ದಿನ ಕೊಟ್ಟರು. ಕೊಟ್ಟ ಮೇಲೆ ಅವರಿಗೇ ಹುರುಪು ಬಂತು. ಕೊಡದಲ್ಲಿ ಹುತ್ತದ ಮಣ್ಣು ಕಲಸಿ, ತೆಳು ಎಂದರೆ ಹೇಗೆ, ದಪ್ಪ ಎಂದರೆ ಹೇಗೆ ಎಂದು ತೋರಿಸಿದರು. ನಾನು ಪ್ರಶ್ನೆ ಕೇಳಿದಾಗೆಲ್ಲ ತಮ್ಮ ಹೆಂಡತಿ ಕಾಕು ಕಡೆ ತಿರುಗಿ, ಆ ಟೊಣಪರಲ್ಲಿ ಒಬ್ಬನೂ ಇದನ್ನು ಕೇಳಲಿಲ್ಲ ಎನ್ನುತ್ತಿದ್ದರು. ಅಪ್ಪನಿಗೂ ನಾನೇ ಹೇಳಿದೆ. ಕರೆ ಬರಲಿ, ನೋಡೋಣ ಎಂದಷ್ಟೇ ಅಂದ.

ಅಷ್ಟೆಲ್ಲ ತಿರುಗಿದ್ದಕ್ಕೆ ಅವರ ಕೈಗೆ ಬಂದದ್ದು ಆರು ಹುಡುಗರ ಅರ್ಜಿ. ನನ್ನದು ಏಳನೆಯದು. ಎಲ್ಲವನ್ನೂ ಒಟ್ಟಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸುತ್ತೇನೆ ಎಂದು ಒಯ್ದರು.

ಎರಡು ತಿಂಗಳಿಗೆ ಆರೂ ಹುಡುಗರಿಗೆ ಕರೆ ಬಂತು. ನಾಲ್ವರು ಹೋಗಲೇ ಇಲ್ಲ. ಹೋದ ಇಬ್ಬರಲ್ಲಿ ಒಬ್ಬ ಊಟ ಸೇರದೆ ಎಂಟು ದಿನಕ್ಕೆ ವಾಪಸು, ಇನ್ನೊಬ್ಬ ಬ್ಯಾಂಕಿನ ಆರ್ಡರು ಬಂದ ಕೂಡಲೇ ಬಿಟ್ಟು ಬಂದ. ನಾನು ಮಾತ್ರ ಪೋಸ್ಟಿನವನ ಸೈಕಲ್ಲಿನ ಗಂಟೆ ಕೇಳಿಸಿದಾಗೆಲ್ಲ ಬಾಗಿಲಿಗೆ ಬರುತ್ತಿದ್ದೆ. ಕೊನೆಗೆ ತಡೆಯಲಾರದೆ ಎದುರುಮನೆಗೆ ಹೋಗಿ ಕೇಳಿದೆ. ಕಾಕಾ ಟ್ರಂಕು ತೆಗೆದರು. ಬಟ್ಟೆಗಳ ಕೆಳಗೆ ನನ್ನ ಅರ್ಜಿ ಇತ್ತು, ಮಡಚಿದ್ದು ಮಡಚಿದ ಹಾಗೇ.

"ನಾಳೆ ಏನರ ಆದ್ರ ನಿಮ್ಮಪ್ಪಗ ಏನಂತ ಹೇಳ್ಲೆವಾ ನಾ?" ಎಂದರು. "ನಡುಸಮುದ್ರದಾಗ ಬರೇ ಗಂಡಸರು. ಹೆಣ್ಮಕ್ಕಳಿಗೊಂದು ಬಚ್ಚಲಮನಿ ಸೈತ ಇಲ್ಲ ಅಲ್ಲಿ."

"ಬ್ಯಾಡ ಅನ್ನೋದಿದ್ರ ಕಂಪನಿಯವ್ರು ಅಂತಿದ್ರು, ಕಾಕಾ. ಅವರಿಗಿಂತ ಮೊದ್ಲ ನೀವ್ಯಾಕ ಅಂದ್ರಿ?"

ಕಾಕಾ ವಲ್ಲಿಯನ್ನು ಎಡಗೈಗೆ ಸುತ್ತಿಕೊಳ್ಳುತ್ತ ಕೂತರು, ನನ್ನಿಂದಲೂ ಅದನ್ನು ಮುಚ್ಚಿಡಬೇಕೆನ್ನುವಂತೆ.

ಮುಂದಿನ ವರ್ಷ ರಜೆಗೆ ಬಂದಾಗ ಅವರೇ ನಮ್ಮ ಬಾಗಿಲಿಗೆ ಬಂದರು. ಒಳಗೆ ಕರೆದರೂ ಬರಲಿಲ್ಲ. ಆಗ ನಾನು ಹುನಗುಂದದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ.

"ಸಮುದ್ರದ ದಂಡಿ ಮ್ಯಾಲಿನ ಕಂಪನಿ ಲ್ಯಾಬಿನ್ಯಾಗ ಇಬ್ರು ಹೆಣ್ಮಕ್ಕಳು ಅದಾರ ತಂಗಿ," ಎಂದರು. "ಅವರೂ ಕೆಮಿಸ್ಟ್ರಿನ. ಹೋದ ವರ್ಷನೂ ಇದ್ರಂತ. ನಾ ಯಾರನ್ನೂ ಕೇಳಿರ್ಲಿಲ್ಲ."

ಕೈಯಲ್ಲಿ ಹೊಸ ನಮೂನೆ ಹಿಡಿದಿದ್ದರು. ನನ್ನ ವಯಸ್ಸು ಇನ್ನೂ ಮೀರಿರಲಿಲ್ಲ. ತೆಗೆದುಕೊಳ್ಳಬಹುದಿತ್ತು. ಆದರೆ ಒಂದು ವರ್ಷ ಹಿಡಿದಿಟ್ಟುಕೊಂಡ ಸಿಟ್ಟು ಮೊದಲು ಬಾಯಿಗೆ ಬಂತು. "ಈಗ ಬ್ಯಾಡ್ರಿ," ಎಂದೆ. ಕಾಕಾ ಕಾಗದವನ್ನು ಜೇಬಿಗಿಟ್ಟುಕೊಂಡು ಓಣಿ ದಾಟಿದರು. ಅದರ ನಂತರ ಅವರು ಯಾರ ಮನೆಗೂ ಅರ್ಜಿ ಹಿಡಿದುಕೊಂಡು ಹೋದದ್ದನ್ನು ನಾನು ಕಾಣಲಿಲ್ಲ.

ಅವರು ತೀರಿಕೊಂಡು ಬಹಳ ವರ್ಷವಾಯಿತು. ಸುದ್ದಿ ಬಂದ ದಿನ ಶಾಲೆಯಲ್ಲಿ ಪರೀಕ್ಷೆ ಇದೆ ಎಂದು ನೆಪ ಹೇಳಿ ನಾನು ಹೋಗಲಿಲ್ಲ… ಈಗ ನಿವೃತ್ತಿಯಾಗಿ ಮನೆಯಲ್ಲಿದ್ದೇನೆ. ಮೊನ್ನೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಗಳನ್ನು ಕರೆದುಕೊಂಡು ಬಂದು, ಇವಳು ಏನು ಓದಿದರೆ ಒಳ್ಳೆಯದು ಹೇಳಿ ಟೀಚರ್ ಎಂದಳು. ಅವಳನ್ನೇ ಕೇಳು ಎಂದೆ. ನನ್ನ ದನಿ ನನಗೇ ಬಿರುಸಾಗಿ ಕೇಳಿಸಿತು. ಆ ತಾಯಿ ಮಗಳ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಸಿಟ್ಟು ಯಾರ ಮೇಲಿತ್ತೋ ಅವರೊಡನೆ ಒಮ್ಮೆ ಕೂತು ಜಗಳಾಡಿ ಮುಗಿಸಬೇಕಿತ್ತು, ಅವರು ಹೊಸ ಕಾಗದ ಹಿಡಿದು ಬಾಗಿಲಿಗೆ ಬಂದ ದಿನವೇ.