ಒಂದು ಎಲೆಗೆ ಹೋದ ಗೋವಾ ಕುರ್ಚಿ

ಹತ್ತು ವರ್ಷದ ಹಿಂದೆ ನಾನು ಹೆಬ್ಬಾಳದ ಪೋಕರ್ ಕ್ಲಬ್ಬೊಂದರಲ್ಲಿ ಟೂರ್ನಮೆಂಟ್ ಡೈರೆಕ್ಟರ್ ಆಗಿದ್ದೆ. ನಿಯಮ ಓದುವುದು, ಜಗಳ ಬಂದರೆ ತೀರ್ಪು ಕೊಡುವುದು ನನ್ನ ಕೆಲಸ. ಎರಡು ಟೇಬಲ್ಲಿಂದ ಶುರುವಾದ ನಮ್ಮ ಪಂದ್ಯ ಆ ಹೊತ್ತಿಗೆ ಹನ್ನೆರಡಕ್ಕೆ ಬೆಳೆದಿತ್ತು. ಅಮೆರಿಕದಲ್ಲೂ ಬೆರಳೆಣಿಕೆಯ ಜೂಜುಗಾರರ ಚಾಂಪಿಯನ್‌ಶಿಪ್ ಸಾವಿರಾರು ಜನರದ್ದಾಗಿದ್ದು ಸ್ಯಾಟಲೈಟ್‌ಗಳಿಂದ. ಅಂದರೆ, ಸಣ್ಣ ಪಂದ್ಯ ಗೆದ್ದವರಿಗೆ ದೊಡ್ಡ ಪಂದ್ಯದಲ್ಲೊಂದು ಕುರ್ಚಿ. ನಮ್ಮಲ್ಲಿ ಗೆದ್ದವರಿಗೆ ಗೋವಾ ಚಾಂಪಿಯನ್‌ಶಿಪ್ಪಿನ ಕುರ್ಚಿ ಸಿಗುತ್ತಿತ್ತು.

ಆ ಕುರ್ಚಿಗಾಗಿ ಚಿಕ್ಕಜಾಲದ ಮುನಿರಾಜಣ್ಣ ಮೂರು ವರ್ಷ ಆಡಿದರು. ದ್ರಾಕ್ಷಿ ತೋಟವಿದ್ದ ಜಾಗದಲ್ಲಿ ಲೇಔಟ್ ಮಾಡಿದವರು. ದುಡ್ಡಿಗೇನೂ ಬರವಿರಲಿಲ್ಲ, ಆದರೆ ಆ ಕುರ್ಚಿಯನ್ನು ಗೆದ್ದೇ ಕೂರಬೇಕೆಂಬ ಹಟ. “ಒಂದ್ ಸಲ ಗೋವಾದ ಆ ದೊಡ್ಡ್ ಆಲ್‌ನಲ್ಲಿ ಕುಂತ್ಕೋಬೇಕು ಸಾರ್, ಅಷ್ಟೇ,” ಎನ್ನುತ್ತಿದ್ದರು.

ಆ ಭಾನುವಾರ ಕೊನೆಗೆ ಇಬ್ಬರೇ ಉಳಿದರು: ಮುನಿರಾಜಣ್ಣ ಮತ್ತು ತಣಿಸಂದ್ರದ ಒಬ್ಬ ಡೆಂಟಿಸ್ಟ್. ಮುನಿರಾಜಣ್ಣನ ಚಿಪ್ಸ್, ಅಂದರೆ ಪಣದ ಬಿಲ್ಲೆಗಳಲ್ಲಿ ಮುಕ್ಕಾಲು ಪಾಲು, ಟೇಬಲ್ ಮಧ್ಯದಲ್ಲಿತ್ತು. ಡೆಂಟಿಸ್ಟ್ ಮತ್ತೆ ಬೆಟ್ ಕಟ್ಟಿದರು. ಮುನಿರಾಜಣ್ಣ ಕೈಯಲ್ಲಿದ್ದ ಎರಡು ಎಲೆಗಳಲ್ಲಿ ಒಂದನ್ನು ಬೋರಲಾಗಿ ಮಧ್ಯಕ್ಕೆ ಕುಕ್ಕಿ, “ಶೋ!” ಎಂದರು.

ರಮ್ಮಿಯಲ್ಲಿ ಗೆದ್ದವರು ಆಟ ಮುಗಿಸುವುದು ಹಾಗೆ. ಪೋಕರಿನಲ್ಲಿ ಒಂದೇ ಎಲೆಯನ್ನಾದರೂ ಬೋರಲಾಗಿ ಮುಂದಕ್ಕೆ ತಳ್ಳಿದರೆ ಆ ಆಟದಲ್ಲಿ ಸೋಲೊಪ್ಪಿದಂತೆ. ಎಲೆ ಹಂಚುತ್ತಿದ್ದ ಡೀಲರ್ ಹುಡುಗಿ ಅಭ್ಯಾಸಬಲದಿಂದ ಅದನ್ನು ಬಿಟ್ಟ ಎಲೆಗಳ ಗುಡ್ಡೆಗೆ ಸೇರಿಸಿಬಿಟ್ಟಳು.

“ಅಯ್ಯೋ, ಗೆದ್ದಿದೀನಿ ಕಣಮ್ಮ!” ಮುನಿರಾಜಣ್ಣ ಉಳಿದ ಎಲೆ ತೋರಿಸಿದರು. ಇಸ್ಪೀಟ್ ಎಕ್ಕ. ಹೋದದ್ದು ರಾಜ, ಎರಡೂ ಸೇರಿದರೆ ಗೆಲುವು ತಮ್ಮದೇ ಎಂದರು. ನಾನು ನಂಬಿದೆ, ಈಗಲೂ ನಂಬುತ್ತೇನೆ. ಆದರೆ ಗುಡ್ಡೆಯಲ್ಲಿ ಬೆರೆತ ಎಲೆಯನ್ನು ವಾಪಸ್ ತೆಗೆಯುವಂತಿಲ್ಲ.

“ಹ್ಯಾಂಡ್ ಡೆಡ್ ಅಣ್ಣ, ಈ ಆಟ ನಿಮಗಿಲ್ಲ,” ಎಂದೆ.

“ಬೆಳಿಗ್ಗೆ ಇಂಗ್ಲೀಷಲ್ಲಿ ಏನೋ ರೂಲ್ಸ್ ಏಳಿದ್ರಲ್ಲ, ಅದ್ರಲ್ಲಿ ಇದಿತ್ತಾ ಸಾರ್?”

“ಇತ್ತು.”

“ಅಂಗಾದ್ರೆ ತಪ್ಪು ನಂದೇ ಬುಡಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಉಳಿದ ಚಿಪ್ಸ್ ಎರಡೇ ಆಟದಲ್ಲಿ ಮುಗಿದವು. ಅವರು ಡೆಂಟಿಸ್ಟ್ ಕೈ ಕುಲುಕಿ, ಡೀಲರ್ ಹುಡುಗಿಗೆ “ಅಳ್ಬೇಡ ಕಣಮ್ಮ,” ಎಂದು ಹೇಳಿ ಹೊರಟರು.

ನನ್ನ ಬುದ್ಧಿಗಿಷ್ಟು! ಕನ್ನಡದವನಾಗಿ ಮೂರು ವರ್ಷ ಅವರೆದುರು ಇಂಗ್ಲಿಷಿನಲ್ಲೇ ನಿಯಮ ಓದಿದ್ದೆ. ಮುಂದಿನ ವಾರದಿಂದ ಕನ್ನಡದಲ್ಲಿ ಓದಿದೆ. ಆಮೇಲೆ ಗೋವಾದಲ್ಲೂ ನೂರು ಟೇಬಲ್ಲಿನ ಹಾಲ್‌ನಲ್ಲಿ ಕೆಲಸ ಮಾಡಿದೆ. ಅಲ್ಲಿ ಖಾಲಿ ಕುರ್ಚಿ ಕಂಡಾಗಲೆಲ್ಲ ಅವರಿರಬೇಕಿತ್ತು ಅನ್ನಿಸುತ್ತಿತ್ತು. ಈಗಲೂ ಅನ್ನಿಸುತ್ತದೆ.

ತೀರ್ಪು ಸರಿಯಾಗಿದ್ದರೆ ಸಾಲದು, ನಿಯಮ ಆಡುವವನ ಕಿವಿಗೆ ಮೊದಲೇ ಮುಟ್ಟಿರಬೇಕು. ಇದನ್ನು ನನಗೆ ಕಲಿಸಿದ ಮುನಿರಾಜಣ್ಣ ಮಾತ್ರ, ನಾನು ಕನ್ನಡದಲ್ಲಿ ಓದುವುದನ್ನು ಕೇಳಲು ಒಂದು ದಿನವೂ ಬರಲಿಲ್ಲ.