ಮಂದಿ ಕರೆದ ಗಿಡ

ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ನನ್ನ ಗಂಡನಿಗೆ ಕಾಮಾಲೆಯಾಯಿತು. ಇಂಡಿ ಪಟ್ಟಣದ ಡಾಕ್ಟರು ಕೊಟ್ಟ ಗುಳಿಗೆ ನುಂಗಿದರೂ ಕಣ್ಣಿನ ಹಳದಿ ಇಳಿಯಲಿಲ್ಲ. ನಮ್ಮೂರು ತಾಂಬಾದಲ್ಲಿ ಹೊಲದ ಸುತ್ತ ಎಲ್ಲ ಒಣಗಿತ್ತು; ಹಳೇ ಬಾವಿಯ ಬದಿಗೆ ಮಾತ್ರ ಕಾಮಾಲೆಗೆ ಕೊಡುವ ಒಂದು ನೆಲನೆಲ್ಲಿ ಗಿಡ ಹಸಿರಾಗಿತ್ತು. ನಮ್ಮಲ್ಲಿ ಔಷಧದ ಗಿಡವನ್ನು ಸುಮ್ಮನೆ ಕೀಳುವುದಿಲ್ಲ. ಹಿಂದಿನ ಸಂಜೆ ದಾರ ಕಟ್ಟಿ, ‘ನಾಳೆ ನಮ್ಮನಿಗೆ ಬಾ’ ಎಂದು ಕರೆದು ಬರಬೇಕು. ಮರುದಿನ ಬೆಳಕು ಹರಿಯುವ ಮುಂಚೆ ಕಿತ್ತು ತರಬೇಕು.

ಸಂಜೆ ಅತ್ತೆಯ ಜೊತೆ ಹೋದೆ. ಗಿಡಕ್ಕೆ ಆಗಲೇ ಯಾರೋ ದಾರ ಕಟ್ಟಿದ್ದರು.

“ಅತ್ತಿ, ನಾವ ಕಿತ್ಕೊಂಡು ಹೋಗೂಣ್ರಿ,” ಎಂದೆ.

“ಮಂದಿ ಕರದ ಗಿಡ ಮುಟ್ಟಬಾರದವಾ. ಅವರ ಮನ್ಯಾಗೂ ಯಾರೋ ಹಾಸಗಿ ಹಿಡದಿರಬೇಕು,” ಎಂದರು ಅತ್ತೆ.

ಅವರ ನೇಮಕ್ಕೆ ಬೆಂಕಿ ಹಚ್ಚಬೇಕೆನಿಸಿತು. ಹಲ್ಲು ಕಚ್ಚಿಕೊಂಡು ಮನೆಗೆ ನಡೆದೆ.

ಮರುದಿನ ಗಂಡನ ಕಣ್ಣು ಇನ್ನಷ್ಟು ಹಳದಿಯಾಗಿತ್ತು. ಬಿಸಿಲೇರಿದ ಮೇಲೆ, ಉದುರಿದ ಎರಡು ಎಲೆಯಾದರೂ ಸಿಕ್ಕೀತೆಂದು ಅತ್ತೆಗೆ ಹೇಳದೆ ಬಾವಿಗೆ ಹೋದೆ. ಗಿಡ ದಾರದ ಸಮೇತ ಹಾಗೇ ನಿಂತಿತ್ತು. ಕರೆದವರು ಬಂದಿರಲಿಲ್ಲ. ಖುಷಿಯಿಂದ ಕೈ ಚಾಚಿದೆ.

ಅವರು ಯಾಕೆ ಬಂದಿರಲಿಲ್ಲ ಎಂಬುದು ಆಮೇಲೆ ಹೊಳೆಯಿತು. ಕೈ ಹಿಂದಕ್ಕೆಳೆದುಕೊಂಡು, ಗಂಡನ ಉಸಿರು ಆಡುತ್ತಿದೆಯೋ ಇಲ್ಲವೋ ನೋಡಲು ಮನೆಗೆ ಓಡಿದೆ.